ಓದುಗರ ಪ್ರಶ್ನೆ: ಬಾಳಿಕೆ ಬರಬೇಕು, ಮನೆಯಲ್ಲೇ ನೋಡ್ಕೋಬೇಕು ಅಂದ್ರೆ ಯಾವ ಎಂಜಿನ್?

ಪ್ರಶ್ನೆ: ಮನೆಗೆ ಸೆಕೆಂಡ್ ಹ್ಯಾಂಡ್ ಕಾರು ತಗೋಬೇಕು ಅಂತಿದ್ದೀವಿ. ಎಂಜಿನ್ ಜಾಸ್ತಿ ದಿನ ಬರಬೇಕು, ಸಣ್ಣಪುಟ್ಟ ಕೆಲಸ ನಾನೇ ಮಾಡ್ಕೋಬೇಕು. ಸಾದಾ ಪೆಟ್ರೋಲಾ, ಟರ್ಬೋನಾ?

ನಿಮ್ಮ ಎರಡೂ ಆಸೆಗೆ ಸಾದಾ ಪೆಟ್ರೋಲೇ ಸರಿ. ವ್ಯಾಗನ್ ಆರ್‌ನ 998 ಸಿಸಿ, ಸ್ವಿಫ್ಟ್‌ನ 1197 ಸಿಸಿ ಕೆ ಸೀರೀಸ್, ಹ್ಯುಂಡೈನ 1.2 ಕಪ್ಪಾ, ಎಲ್ಲದರಲ್ಲೂ ಇರುವುದು ಟೈಮಿಂಗ್ ಚೈನ್, ಅಂದರೆ ಎಂಜಿನ್ ಒಳಗಿನ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಸರಪಳಿ. ಕೆಲವು ಎಂಜಿನ್‌ಗಳಲ್ಲಿ ಇದರ ಬದಲು ರಬ್ಬರ್ ಬೆಲ್ಟ್ ಇರುತ್ತದೆ. ಚೈನಿಗೆ ಬೆಲ್ಟ್‌ನ ಹಾಗೆ ಇಷ್ಟು ಕಿಲೋಮೀಟರಿಗೆ ಬದಲಿಸಬೇಕು ಅನ್ನುವ ತಲೆನೋವಿಲ್ಲ. ಹಳೆಯ ಆಲ್ಟೋದ 796 ಸಿಸಿ ಎಂಜಿನ್‌ನಲ್ಲಿ ಬೆಲ್ಟ್ ಇದೆ, ಅದನ್ನು ಯಾವಾಗ ಬದಲಿಸಿದ್ದು ಅಂತ ಕೇಳಿಯೇ ಮಾತು ಮುಂದುವರಿಸಿ. ಎಂಜಿನ್‌ಗೆ ಹೆಚ್ಚು ಗಾಳಿ ತಳ್ಳುವ ಟರ್ಬೋ ಕೆಟ್ಟದ್ದೇನಲ್ಲ. ಆದರೆ ಅದು ನಿಮಿಷಕ್ಕೆ ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ, ಆ ವೇಗ ತಡೆಯಲು ಒಳ್ಳೆಯ ಆಯಿಲ್ ಬೇಕು. ಆಯಿಲ್ ವಿಷಯದಲ್ಲಿ ಹಿಂದಿನ ಮಾಲೀಕರು ಉದಾಸೀನ ಮಾಡಿದ್ದರೆ ಅದರ ಖರ್ಚು ನಿಮ್ಮ ತಲೆಗೆ ಬರುತ್ತದೆ.

ಎಂಜಿನ್ ಹಾಳಾಗುವುದು ಹೆಚ್ಚಾಗಿ ಎರಡೇ ಕಾರಣಕ್ಕೆ: ಆಯಿಲ್ ಮತ್ತು ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ). ಎರಡನ್ನೂ ನೀವೇ ನೋಡ್ಕೋಬಹುದು.

ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ. ಆಯಿಲ್ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ ಎಳೆದು ಹಳೆ ಬನಿಯನ್ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ಹಾಕಿ ಮತ್ತೆ ಎಳೆಯಿರಿ. ಮೊದಲ ಸಲದ ಗುರುತನ್ನು ನಂಬಬೇಡಿ. ಆಯಿಲ್ ಎರಡು ಗುರುತಿನ ನಡುವೆ ಇರಬೇಕು. ಕಪ್ಪಾಗಿದೆ ಅಂತ ಗಾಬರಿ ಬೇಡ, ಓಡಿದ ಆಯಿಲ್ ಕಪ್ಪಾಗುವುದು ಸಹಜ. ಹಾಲು ಬೆರೆಸಿದ ಕಾಫಿ ಬಣ್ಣ ಕಂಡರೆ ಮಾತ್ರ ಒಳಗೆ ನೀರು ಸೇರಿರಬಹುದು. ಆಗ ಗಾಡಿ ಓಡಿಸದೆ ಮೆಕ್ಯಾನಿಕ್ಕನ್ನು ಕರೆಯಿರಿ.

ಕೂಲೆಂಟ್ ಬಗ್ಗೆ ಇನ್ನೂ ಒತ್ತಿ ಹೇಳಬೇಕು. ಕಡಿಮೆ ಆದಾಗ ನಮ್ಮ ಕಡೆ ಸುಮ್ನೆ ಬೋರ್ ನೀರು ಸುರಿಯುತ್ತೇವೆ, ಅಲ್ವಾ? ನಮ್ಮ ಮಾವನ ಕಾರಿನಲ್ಲಿ ಹಾಗೇ ಮಾಡುತ್ತಿದ್ದರು. ಒಂದು ದಿನ ರಿಸರ್ವ್ ಟ್ಯಾಂಕ್ ನೋಡಿದರೆ ಇಟ್ಟಿಗೆ ಬಣ್ಣದ ಕೆಸರು. ನಮ್ಮ ಪಾತ್ರೆಯಲ್ಲಿ ಕಟ್ಟುವ ಬಿಳಿ ಗಾರೆಯೇ ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ, ಒಳಗೆ ತುಕ್ಕೂ ಹಿಡಿಯುತ್ತದೆ. ಶಿರಾಡಿ, ಚಾರ್ಮಾಡಿ ಘಾಟಿ ಹತ್ತುವಾಗ ಎಂಜಿನ್ ಕಾದರೆ ಎಂಜಿನ್ ಮೇಲ್ಭಾಗದ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಬಹುದು. ನೀರು ಬೆರೆಸಿ ಹಾಕುವ ಕೂಲೆಂಟ್ ಆದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಎಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ಮುಟ್ಟಲೇಬೇಡಿ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

ಏರ್ ಫಿಲ್ಟರ್, ವೈಪರ್, ಬಲ್ಬು, ಬ್ಯಾಟರಿ ಟರ್ಮಿನಲ್ ಎಲ್ಲ ಮನೆ ಕೆಲಸವೇ. ಬ್ರೇಕ್ ಮಾತ್ರ ಕಲಿತವರ ಕೈಗೇ ಕೊಡಿ.

ಕಾರು ನೋಡಲು ಬೆಳಗ್ಗೆ ಬೇಗ ಹೋಗಿ. ಬಾನೆಟ್ ಮೇಲೆ ಕೈ ಇಟ್ಟು ನೋಡಿ, ತಣ್ಣಗಿರಬೇಕು. ಬೆಚ್ಚಗಿದ್ದರೆ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ, ಇನ್ನೊಂದು ದಿನ ಬರುತ್ತೇವೆ ಅನ್ನಿ. ತಣ್ಣನೆಯ ಎಂಜಿನ್ ಸ್ಟಾರ್ಟ್ ಆದ ಮೊದಲ ಕೆಲವು ಸೆಕೆಂಡಿನಲ್ಲೇ ಸಡಿಲವಾದ ಚೈನಿನ ಕಟಕಟ ಸದ್ದು ಕೇಳುವುದು.