ಗ್ಲಾಸ್ ಏರದಿದ್ದರೆ ಮೋಟಾರಿನ ಮೇಲೆ ಗೂಬೆ ಕೂರಿಸಬೇಡಿ

ಕಾರಿನ ಪವರ್ ವಿಂಡೋ, ಅಂದರೆ ಸ್ವಿಚ್ ಒತ್ತಿ ಏರಿಸಿ ಇಳಿಸುವ ಗ್ಲಾಸ್, ಕೆಟ್ಟಿತೆಂದು ಗ್ಯಾರೇಜಿಗೆ ಬರುವ ಹೆಚ್ಚಿನವರು ತೀರ್ಪನ್ನೂ ಕೈಯಲ್ಲಿ ಹಿಡಿದೇ ಬರುತ್ತಾರೆ: "ಮೋಟಾರ್ ಹೋಗಿದೆ, ಹೊಸದು ಹಾಕಿಬಿಡಿ." ಡೋರ್ ಪ್ಯಾಡ್ (ಡೋರಿನ ಒಳಬದಿಯ ಹೊದಿಕೆ) ಬಿಚ್ಚಿದರೆ ಹಲವು ಸಲ ಮೋಟಾರ್ ಗಟ್ಟಿಮುಟ್ಟಾಗಿರುತ್ತದೆ. ತಂಟೆ ಮಾಡಿರುವುದು ಸ್ವಿಚ್ಚೋ, ವೈರೋ, ಒಣಗಿದ ರಬ್ಬರೋ. ಇದರಲ್ಲಿ ಹೆಚ್ಚಿನದನ್ನು ಮನೆಯಂಗಳದಲ್ಲೇ, ಒಂದು ಸ್ಕ್ರೂ ಕೂಡ ಬಿಚ್ಚದೆ ಪತ್ತೆ ಹಚ್ಚಬಹುದು.

ಎಂಜಿನ್ ಬಂದ್ ಮಾಡಿ, ಕೀ ಆನ್ ಇಟ್ಟು, ಫ್ಯಾನು, ಸ್ಟೀರಿಯೊ ನಿಲ್ಲಿಸಿ ಸ್ವಿಚ್ ಒತ್ತಿ. ಡೋರಿನೊಳಗೆ ಮೋಟಾರ್ ಗುಂಯ್‌ಗುಟ್ಟಿದರೂ ಗ್ಲಾಸ್ ಕದಲದಿದ್ದರೆ ಕರೆಂಟಿನ ಕಡೆ ತಲೆ ಹಾಕುವುದೇ ಬೇಡ. ಸಾಮಾನ್ಯವಾಗಿ ರೆಗ್ಯುಲೇಟರಿನ (ಗ್ಲಾಸನ್ನು ಎತ್ತಿ ಇಳಿಸುವ ಸಾಧನ) ಕೇಬಲ್ ತುಂಡಾಗಿರುತ್ತದೆ, ಇಲ್ಲವೇ ಗ್ಲಾಸ್ ಹಿಡಿದಿರುವ ಕ್ಲಿಪ್ ಮುರಿದಿರುತ್ತದೆ. ಸದ್ದೇ ಇಲ್ಲವೆಂದರೆ ಕಾರಿನೊಳಗಿನ ದೀಪ ಹಾಕಿ ಮತ್ತೊಮ್ಮೆ ಒತ್ತಿ. ದೀಪ ಒಂಚೂರು ಮಂಕಾದರೆ ಕರೆಂಟ್ ಮೋಟಾರಿಗೆ ಹೋಗುತ್ತಿದೆ, ಅದು ತಿರುಗಲಾರದೆ ಸಿಕ್ಕಿಕೊಂಡಿದೆ. ಮಂಕಾಗದಿದ್ದರೆ ಕರೆಂಟ್ ದಾರಿಯಲ್ಲೆಲ್ಲೋ ನಿಂತಿದೆ, ಅಥವಾ ಮೋಟಾರಿನೊಳಗೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿದೆ. ಬ್ರಷ್ ನೋಡಲು ಒಬ್ಬರು ಸ್ವಿಚ್ ಒತ್ತಿ ಹಿಡಿದಿರಲಿ, ಇನ್ನೊಬ್ಬರು ಡೋರ್ ಪ್ಯಾಡಿನ ಮೇಲೆ ಮುಷ್ಟಿಯಿಂದ ಗುದ್ದಲಿ. ಗುದ್ದಿದಾಗ ಮಾತ್ರ ಗ್ಲಾಸ್ ಓಡಿದರೆ ಮೋಟಾರಿಗೆ ದುಡ್ಡು ಹೊಂದಿಸಿಕೊಳ್ಳಿ.

ನಾಲ್ಕೂ ಗ್ಲಾಸ್ ಒಟ್ಟಿಗೇ ಸತ್ತಿದ್ದರೆ ಫ್ಯೂಸು, ರಿಲೇ ನೋಡಿ. ಹಸಿರು ಫ್ಯೂಸ್ 30 ಆಂಪಿಯರ್, ಹಳದಿ 20. ಸುಟ್ಟ ಜಾಗಕ್ಕೆ ಅದೇ ಬಣ್ಣದ್ದೇ ಬೀಳಬೇಕು. ಹೆಚ್ಚು ಆಂಪಿಯರಿನದು ಹಾಕಿದರೆ ಮುಂದಿನ ಸಲ ಫ್ಯೂಸಿನ ಬದಲು ವೈರಿಂಗ್ ಸುಡುತ್ತದೆ. ಹಿಂದಿನವು ಮಾತ್ರ ಕೆಲಸ ಮಾಡದಿದ್ದರೆ ಡ್ರೈವರ್ ಬದಿಯ ಲಾಕ್ ಬಟನ್ ಒತ್ತಿದೆಯೇ ನೋಡಿ. ಹೌದು, ಇಷ್ಟಕ್ಕೂ ಗ್ಯಾರೇಜಿಗೆ ಬರುವವರಿದ್ದಾರೆ.

ಒಂದೇ ಗ್ಲಾಸಿನ ಸಮಸ್ಯೆಯಾದರೆ ನನ್ನ ಅನುಮಾನ ಮೊದಲು ಸ್ವಿಚ್ಚಿನ ಮೇಲೆ. ಸಾಮಾನ್ಯವಾಗಿ ಈ ಮೋಟಾರಿಗೆ ಎರಡು ವೈರು. ಸ್ವಿಚ್ ಮುಟ್ಟದಿರುವಾಗ ಎರಡೂ ಅರ್ಥ್‌ನಲ್ಲಿರುತ್ತವೆ. ಏರಿಸಲು ಒತ್ತಿದರೆ ಒಂದಕ್ಕೆ 12 ವೋಲ್ಟ್ ಬರುತ್ತದೆ, ಇಳಿಸಲು ಒತ್ತಿದರೆ ಇನ್ನೊಂದಕ್ಕೆ. ಹಳೆಯ ಬಗೆಯ ವೈರಿಂಗಿನಲ್ಲಿ ಎಡ ಡೋರಿನ ಅರ್ಥ್ ಎಲ್ಲ ಗ್ಲಾಸನ್ನೂ ಆಡಿಸುವ ಡ್ರೈವರ್ ಬದಿಯ ಮಾಸ್ಟರ್ ಸ್ವಿಚ್ಚನ್ನು ಸುತ್ತಿಕೊಂಡು ಬರುತ್ತದೆ. ಹಾಗಾಗಿ ಮಾಸ್ಟರ್ ಸ್ವಿಚ್ಚಿನ ಪಾಯಿಂಟ್ (ಒಳಗೆ ಒಂದಕ್ಕೊಂದು ತಾಗುವ ಲೋಹದ ತುದಿ) ಕಪ್ಪಾಗಿದ್ದರೆ, ಎಡ ಡೋರಿನ ಸ್ವಿಚ್ ಹೊಸದು ಹಾಕಿದರೂ ಪ್ರಯೋಜನವಿಲ್ಲ. ಇಳಿಯುವ ಗ್ಲಾಸ್ ಏರುವುದಿಲ್ಲ, ಒತ್ತಿದಾಗ ಸದ್ದೂ ಇಲ್ಲ, ದೀಪವೂ ಮಂಕಾಗುವುದಿಲ್ಲ ಎಂದಾದರೆ ಮೋಟಾರಿನದು ತಪ್ಪಿಲ್ಲ. ಏರಿಸುವುದೂ ಇಳಿಸುವುದೂ ಅದೇ ಮೋಟಾರು ತಾನೇ. ಚೆಲ್ಲಿದ ಚಹಾ, ಕೂಲ್ ಡ್ರಿಂಕ್, ತೆರೆದ ಕಿಟಕಿಯಿಂದ ಒಳಬಂದ ಮಳೆ ನೀರು ಇವೇ ಸ್ವಿಚ್ಚಿನ ಶತ್ರುಗಳು. ಬ್ಯಾಟರಿ ಕಳಚಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಬಟನ್ನನ್ನು ಹಲವು ಸಲ ಮೇಲೆ ಕೆಳಗೆ ಆಡಿಸಿ, ಪೂರ್ತಿ ಒಣಗಿದ ಮೇಲೆ ನೋಡಿ.

ಎರಡನೇ ಅನುಮಾನ ಡೋರ್ ಮತ್ತು ಬಾಡಿ ನಡುವಿನ ಕಪ್ಪು ರಬ್ಬರ್ ಕೊಳವೆ. ವೈರುಗಳೆಲ್ಲ ಅದರೊಳಗೇ ಹಾದುಹೋಗುವುದು. ಡೋರ್ ತೆರೆದಾಗಲೆಲ್ಲ ಮಡಚಿ ಮಡಚಿ, ಇನ್ಸುಲೇಶನ್ ಹೊರಗೆ ಚೆನ್ನಾಗಿ ಕಂಡರೂ ಒಳಗಿನ ತಾಮ್ರದ ಎಳೆಗಳು ತುಂಡಾಗುತ್ತವೆ. ಹೆಚ್ಚು ತೆರೆಯುವ ಡ್ರೈವರ್ ಡೋರಿನಲ್ಲೇ ಇದು ಜಾಸ್ತಿ. ಸ್ವಿಚ್ ಒತ್ತಿ ಹಿಡಿದು ಡೋರನ್ನು ನಿಧಾನಕ್ಕೆ ತೆರೆದು ಮುಚ್ಚಿ. ಯಾವುದೋ ಒಂದು ಕೋನದಲ್ಲಿ ಗ್ಲಾಸ್ ತಟ್ಟನೆ ಓಡಿದರೆ ಕಳ್ಳ ಸಿಕ್ಕಿದ. ಇಲ್ಲಿ ಬರೀ ಮಲ್ಟಿಮೀಟರ್ ನಂಬಬೇಡಿ. ಒಂದೇ ಎಳೆ ಉಳಿದಿದ್ದರೂ ಅದು 12 ವೋಲ್ಟ್ ತೋರಿಸುತ್ತದೆ, ಮೋಟಾರಿಗೆ ಬೇಕಾದ ಕರೆಂಟ್ ಮಾತ್ರ ಹಾಯುವುದಿಲ್ಲ. ಡೋರ್ ಪ್ಯಾಡ್ ಬಿಚ್ಚಿದಾಗ ಮೋಟಾರಿನ ಕಪ್ಲರ್ (ವೈರು ಸೇರುವ ಪ್ಲಗ್) ಕಳಚಿ, ಅಲ್ಲಿಗೆ ಹಳೆಯ 55 ವ್ಯಾಟಿನ ಹೆಡ್‌ಲೈಟ್ ಬಲ್ಬ್ ಕೊಟ್ಟು ಸ್ವಿಚ್ ಒತ್ತಿ. ಪ್ರಖರವಾಗಿ ಉರಿದರೆ ವೈರ್ ಸರಿ, ಮಿಣುಕಿದರೆ ತಪ್ಪು ಅಲ್ಲೇ. ಬಲ್ಬ್ ಬೇಗ ಕಾಯುತ್ತದೆ, ಸೀಟಿನ ಮೇಲೆ ಇಡಬೇಡಿ.

ಗ್ಲಾಸ್ ಏರುತ್ತದೆ ಆದರೆ ತೆವಳುತ್ತದೆ ಎಂದರೆ ಅದು ಜಾರುವ ರಬ್ಬರ್ ಚಾನೆಲ್ ಧೂಳು ತುಂಬಿ ಒಣಗಿದೆ. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಗ್ರೀಸು, ಎಂಜಿನ್ ಆಯಿಲ್ ಬೇಡ. ರಬ್ಬರ್ ಊದಿಕೊಳ್ಳುತ್ತದೆ, ಮೇಲೆ ಧೂಳು ಅಂಟುತ್ತದೆ. ಮಕ್ಕಳು ಮೇಲೆ ಕೆಳಗೆ ಆಡಿಸಿ ಆಡಿಸಿ ಗ್ಲಾಸ್ ನಿಂತುಹೋಗಿದ್ದರೆ ಗಾಬರಿ ಬೇಡ. ಬಿಸಿಯಾದ ಮೋಟಾರ್ ತಾನಾಗಿ ಬಂದ್ ಆಗುವ ವ್ಯವಸ್ಥೆ ಒಳಗಿರುತ್ತದೆ, ತಣ್ಣಗಾದ ಮೇಲೆ ಮತ್ತೆ ಓಡುತ್ತದೆ.

ಇಷ್ಟಾದ ಮೇಲೂ ಡೋರ್ ಪ್ಯಾಡ್ ಬಿಚ್ಚಲೇಬೇಕಾದರೆ ಬ್ಯಾಟರಿಯ ನೆಗೆಟಿವ್ ಕಳಚಿ, ಗ್ಲಾಸನ್ನು ಮೇಲೆತ್ತಿ ಅಗಲ ಟೇಪಿನಿಂದ ಡೋರ್ ಫ್ರೇಮಿಗೆ ಬಿಗಿಯಾಗಿ ಅಂಟಿಸಿ. ರೆಗ್ಯುಲೇಟರ್ ಕತ್ತರಿಯಂತೆ ಮಡಚುವ ಬಗೆಯದಾದರೆ ಮನೆಯಲ್ಲಿ ಮೋಟಾರ್ ಬಿಚ್ಚಲೇಬೇಡಿ. ಸ್ಪ್ರಿಂಗ್ ಒಮ್ಮೆಲೇ ಬಿಟ್ಟುಕೊಂಡು ಬೆರಳು ಜಜ್ಜಿಹೋಗಬಹುದು. ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಹರಿದು ಬಿಸಾಡುವ ಮೆಕ್ಯಾನಿಕ್‌ಗಳೂ ಇದ್ದಾರೆ. ಅದಿಲ್ಲದಿದ್ದರೆ ಮುಂಗಾರಿನಲ್ಲಿ ಗ್ಲಾಸಿನ ಸಂದಿಯಿಂದ ಇಳಿದ ನೀರು ಕಾಲಡಿಯ ಮ್ಯಾಟಿಗೆ ಬರುತ್ತದೆ. ಮತ್ತೆ ಅಂಟಿಸಿದ ಮೇಲೆ, ಡೋರಿನ ಕೆಳತುದಿಯ ನೀರಿನ ತೂತುಗಳಿಗೆ ಕಡ್ಡಿ ಹಾಕಿ ಮಣ್ಣು ತೆಗೆಯಿರಿ. ಬ್ಯಾಟರಿ ಜೋಡಿಸಿದಾಗ ಕೆಲವು ಕಾರುಗಳಲ್ಲಿ ಒಂದೇ ಒತ್ತಿಗೆ ಪೂರ್ತಿ ಏರುವ ಸೌಲಭ್ಯ ಮಾಯವಾಗಿರುತ್ತದೆ. ಗ್ಲಾಸ್ ಪೂರ್ತಿ ಇಳಿಸಿ, ಮತ್ತೆ ಪೂರ್ತಿ ಏರಿಸಿ, ಏರಿದ ಮೇಲೂ ಕೆಲವು ಸೆಕೆಂಡ್ ಸ್ವಿಚ್ ಬಿಡದೆ ಹಿಡಿದರೆ ಹೆಚ್ಚಿನ ಮಾಡೆಲ್‌ಗಳಲ್ಲಿ ಅದು ಮರಳುತ್ತದೆ.