ಕ್ರೋನ್ಸ್ ಕಾಯಿಲೆಯೋ, ಕರುಳಿನ ಕ್ಷಯವೋ?

ಸಣ್ಣ ಕರುಳು ಮುಗಿದು ದೊಡ್ಡ ಕರುಳು ಶುರುವಾಗುವ ಜಾಗ, ಹೊಟ್ಟೆಯ ಬಲಗಡೆ ಕೆಳಮೂಲೆಯಲ್ಲಿದೆ. ಕ್ರಿಮಿಯಿಂದ ಬರುವ ಕರುಳಿನ ಕ್ಷಯ (ಟಿಬಿ), ಕರುಳಿನ ದೀರ್ಘಕಾಲದ ಉರಿಯೂತವಾದ ಕ್ರೋನ್ಸ್, ಈ ಎರಡೂ ಕಾಯಿಲೆಗಳು ಹೆಚ್ಚಾಗಿ ಬಿಡಾರ ಹೂಡುವುದು ಅಲ್ಲೇ. ನೋವು, ಭೇದಿ, ತೂಕ ಇಳಿಯುವುದು, ಆಗಾಗ ಜ್ವರ ಎಂದು ರೋಗಿ ಹೇಳುವ ಕಥೆಯೂ ಒಂದೇ. ಬಯಾಪ್ಸಿಯಲ್ಲಿ ಎರಡರಲ್ಲೂ ಗ್ರ್ಯಾನುಲೋಮಾ, ಅಂದರೆ ರಕ್ಷಣಾ ಕೋಶಗಳು ಒತ್ತಾಗಿ ಸೇರಿದ ಗಂಟು, ಕಾಣಬಹುದು.

ಈ ಗೊಂದಲಕ್ಕೆ ಕಾಯಿಲೆಯಷ್ಟೇ ವಯಸ್ಸು. 1913ರಲ್ಲಿ ಗ್ಲಾಸ್ಗೋದ ಶಸ್ತ್ರವೈದ್ಯ ಡಾಲ್ಝೀಲ್, ಕ್ಷಯದಂತೆಯೇ ಕಂಡರೂ ಕ್ಷಯದ ಕ್ರಿಮಿ ಸಿಗದ ಕರುಳುಗಳನ್ನು ವರ್ಣಿಸಿ, ಅವನ್ನು ದನಗಳಿಗೆ ಬರುವ ಜೋನ್ಸ್ ಕಾಯಿಲೆಗೆ ಹೋಲಿಸಿದ್ದರು. ನ್ಯೂಯಾರ್ಕಿನ ಕ್ರೋನ್, ಗಿನ್ಸ್‌ಬರ್ಗ್, ಓಪನ್‌ಹೈಮರ್ ಅವರ, ಈ ಕಾಯಿಲೆಗೆ ಕ್ರೋನ್ ಹೆಸರು ಅಂಟಲು ಕಾರಣವಾದ ಪ್ರಬಂಧ ಬಂದದ್ದು 1932ರಲ್ಲಿ.

ಪರೀಕ್ಷೆಗೆ ಓದುವಾಗ ವ್ಯತ್ಯಾಸಗಳ ಉದ್ದ ಪಟ್ಟಿ ಉರು ಹೊಡೆದು ನಾನು ಸೋತಿದ್ದೇನೆ. ಒಂದನ್ನು ಇನ್ನೊಂದೆಂದುಕೊಂಡರೆ ಏನಾಗುತ್ತದೆ ಎಂದು ಕೇಳಿಕೊಂಡಾಗಲೇ ವಿಷಯ ತಲೆಗೆ ಹತ್ತಿದ್ದು.

ಕ್ಷಯದಲ್ಲಿ ಗ್ರ್ಯಾನುಲೋಮಾ ಎಂದರೆ ಕ್ರಿಮಿಗಳನ್ನು ಕೂಡಿಹಾಕಲು ದೇಹ ಕಟ್ಟುವ ದೊಡ್ಡಿ. ಆ ಬೇಲಿ ಬೀಳದಂತೆ ಹಿಡಿದಿಡುವುದರಲ್ಲಿ ಟಿಎನ್‌ಎಫ್ ಎಂಬ ಪ್ರೋಟೀನಿನ ಪಾತ್ರ ದೊಡ್ಡದು. ಕ್ರೋನ್ಸ್‌ನಲ್ಲಿ ಉರಿಯೂತವನ್ನು ಊದಿ ಉರಿಸುವುದೂ ಇದೇ ಟಿಎನ್‌ಎಫ್. ಅದನ್ನು ತಡೆಯುವ ಇನ್‌ಫ್ಲಿಕ್ಸಿಮ್ಯಾಬ್‌ಗೆ ಅಮೆರಿಕದಲ್ಲಿ 1998ರಲ್ಲಿ ಕ್ರೋನ್ಸ್‌ಗಾಗಿ ಅನುಮತಿ ಸಿಕ್ಕಿತು. 2001ರಲ್ಲಿ ಪ್ರಕಟವಾದ ವರದಿಯೊಂದು ಆ ಮದ್ದು ಪಡೆದ 70 ಮಂದಿಗೆ ಕ್ಷಯ ಬಂದದ್ದನ್ನು ದಾಖಲಿಸಿತು. ಅವರಲ್ಲಿ 40 ಮಂದಿಗೆ ಕ್ಷಯ ಶ್ವಾಸಕೋಶದಾಚೆಯೂ ಇತ್ತು. ಬೇಲಿ ಕಿತ್ತರೆ ಹೀಗೆ. ಕ್ರೋನ್ಸ್ ಎಂದುಕೊಂಡು ಕೊಟ್ಟ ಸ್ಟಿರಾಯ್ಡ್ ಕೂಡ ಕ್ಷಯದ ರೋಗಿಗೆ ಮೊದಮೊದಲು ಹಿತವೆನಿಸಿ, ಒಳಗೊಳಗೇ ಕ್ರಿಮಿಗೆ ದಾರಿ ಬಿಡಬಹುದು.

ತಿರುಗಿಸಿ ನೋಡಿ. ಕ್ರೋನ್ಸ್‌ಗೆ ಕ್ಷಯದ ಮಾತ್ರೆ ಕೊಟ್ಟರೆ ಯಕೃತ್ತಿಗೆ ಪೆಟ್ಟು ಬೀಳಬಹುದು, ತಿಂಗಳುಗಳು ವ್ಯರ್ಥವಾಗುತ್ತವೆ, ಅಷ್ಟರಲ್ಲಿ ಕರುಳು ಗಾಯದ ಕಲೆ ಕಟ್ಟಿ ಕಿರಿದಾಗಬಹುದು. ಇದೂ ಸಣ್ಣ ನಷ್ಟವಲ್ಲ, ಆದರೆ ಮೊದಲಿನದರಷ್ಟು ಮಾರಕವಲ್ಲ. ಆದ್ದರಿಂದಲೇ ಭಾರತದಲ್ಲಿ, ತೀರ್ಮಾನ ಸಿಗದಿದ್ದಾಗ, ಮೊದಲು ಕ್ಷಯದ ಚಿಕಿತ್ಸೆ ಕೊಟ್ಟು ನೋಡುವ ರೂಢಿ ಬೆಳೆದಿದೆ.

ಇನ್ನು ಪಟ್ಟಿ, ಚುಟುಕಾಗಿ. ಅಡ್ಡಡ್ಡ ಹುಣ್ಣು, ಎರಡು ಕರುಳುಗಳ ನಡುವೆ ಬಾಯಿ ತೆರೆದೇ ಇರುವ ಕವಾಟ, ಹೊಟ್ಟೆಯಲ್ಲಿ ನೀರು, ಸಿಟಿ ಸ್ಕ್ಯಾನ್‌ನಲ್ಲಿ ನಡುವೆ ಕೊಳೆತ ದುಗ್ಧಗ್ರಂಥಿಗಳು ಕ್ಷಯದ ಕಡೆ ತೂಗುತ್ತವೆ. ಉದ್ದುದ್ದ ಹುಣ್ಣು, ನಡುನಡುವೆ ಆರೋಗ್ಯವಾಗಿರುವ ಕರುಳು, ಗುದದ ಬಳಿ ಫಿಸ್ಟುಲಾ (ಚರ್ಮಕ್ಕೆ ತೆರೆದುಕೊಂಡ ಅಸಹಜ ಸುರಂಗ) ಇದ್ದರೆ ಕ್ರೋನ್ಸ್ ಕಡೆ. ಕ್ಷಯದ ಗ್ರ್ಯಾನುಲೋಮಾ ದೊಡ್ಡದು, ಒಂದಕ್ಕೊಂದು ಕೂಡಿಕೊಂಡಿದ್ದು, ನಡುವೆ ಗಿಣ್ಣಿನಂತೆ ಕೊಳೆತಿರುತ್ತದೆ. ಕ್ಷಯದ ಕ್ರಿಮಿಯ ಡಿಎನ್‌ಎ ಹುಡುಕುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ಪಾಸಿಟಿವ್ ಬಂದರೆ ಬಹುಮಟ್ಟಿಗೆ ನಂಬಿ; ಕರುಳಿನಲ್ಲಿ ಕ್ರಿಮಿಗಳ ಸಂಖ್ಯೆ ಕಡಿಮೆಯಾದ್ದರಿಂದ ನೆಗೆಟಿವ್ ಬಂತೆಂದು ಕ್ಷಯವನ್ನು ಕೈಬಿಡಬೇಡಿ. ಕರುಳಿನ ಉರಿಯೂತದ ಸುಳಿವು ಕೊಡುವ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಎರಡರಲ್ಲೂ ಏರುತ್ತದೆ, ಇಲ್ಲಿ ಕೆಲಸಕ್ಕೆ ಬಾರದು.

ಕ್ಷಯದ ಚಿಕಿತ್ಸೆ ಕೊಟ್ಟ ಮೇಲೆ ‘ಈಗ ಪರವಾಗಿಲ್ಲ ಡಾಕ್ಟ್ರೇ’ ಎಂಬ ಮಾತಿಗೆ ಮರುಳಾಗಬಾರದು, ಕ್ರೋನ್ಸ್ ರೋಗಿಯೂ ಕೆಲಕಾಲ ಹಾಗೆನ್ನಬಹುದು. ಕೆಲವು ತಿಂಗಳ ಬಳಿಕ ಮತ್ತೆ ಕೊಲೊನೋಸ್ಕೋಪಿ ಮಾಡಿ, ಹುಣ್ಣು ಮಾಯ್ದಿದೆಯೇ ಎಂದು ಕಣ್ಣಾರೆ ನೋಡಬೇಕು; ಮಾಯದಿದ್ದರೆ ಕ್ರೋನ್ಸ್ ಶಂಕೆ ಬಲವಾಗುತ್ತದೆ.