ಬ್ಲೇಡ್ ಬದಲಾಯಿಸೋ ಚಾಕು, ಮಸೆಯೋ ಚಾಕು

ತುಮಕೂರಲ್ಲಿ ಈಗ ಯಾವ ಸಲೂನಿಗೆ ಹೋದ್ರೂ ಇದೇ ಕಾಣೋದು, ಶೇವಿಂಗಿಗೆ ಅಂತ ಕೂತ ತಕ್ಷಣ ಹೊಸ ಬ್ಲೇಡ್ ತೆಗ್ದು ಪೇಪರ್ ಸಮೇತ ಮಡಚಿ ಟಕ್ ಅಂತ ಎರಡು ಹೋಳು ಮಾಡಿ, ಒಂದನ್ನ ಹಿಡಿಗೆ ಸೇರಿಸಿ ಇನ್ನೊಂದನ್ನ ಮುಂದಿನ ಗಿರಾಕಿಗೆ ಅಂತ ಎತ್ತಿಡ್ತಾರೆ. ಚರ್ಮದ ಪಟ್ಟಿಗೆ ಉಜ್ಜಿ ಉಜ್ಜಿ ಹರಿತ ಮಾಡ್ತಿದ್ದ ಆ ಉದ್ದನೆ ಕತ್ತಿ ಈಗ ನೋಡೋಕೂ ಸಿಗಲ್ಲ. ಇದೇ ಐಡಿಯಾ ಅಮೆರಿಕದಲ್ಲಿ ಬೇಟೆಗಾರರ ಜೇಬಿಗೂ ಸೇರಿದೆ. ಅಲ್ಲಿ ಲೈಸೆನ್ಸ್ ತಗೊಂಡು ಜಿಂಕೆ, ಎಲ್ಕ್ ಥರದ ದೊಡ್ಡ ಪ್ರಾಣಿ ಹೊಡೀತಾರಲ್ಲ, ಬಿದ್ದ ಜಾಗದಲ್ಲೇ ಅದರ ಹೊಟ್ಟೆ ಬಗೆದು ಚರ್ಮ ಸುಲಿಯೋಕೆ ಅಂತಾನೆ ಬ್ಲೇಡ್ ಬದಲಾಯಿಸೋ ಮಡಚು ಚಾಕು ಬಂದಿವೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ್ಮೇಲೆ ಆ ಮಾತೇ ಇಲ್ಲ ಬಿಡಿ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಹೋಗಿ ಕೃಷ್ಣಮೃಗದ ಫೋಟೋ ತೆಗೀಬೋದು ಅಷ್ಟೇ. ಆದ್ರೆ ಚಾಕು ಹಿಂದಿರೋ ವಿಜ್ಞಾನ ನಮ್ ಮಟನ್ ಅಂಗಡಿಗೂ ಅನ್ವಯಿಸತ್ತೆ, ಅದಕ್ಕೇ ಬರೀತಿದೀನಿ.

ಹರಿತ ಹೋದ ಬ್ಲೇಡ್ ಬಿಸಾಕಿ ಹೊಸದು ಹಾಕೋ ಯೋಚನೆ ಹಳೇದು. ಜಿಲೆಟ್‌ಗೆ ಸೇಫ್ಟಿ ರೇಜರ್ ಪೇಟೆಂಟ್ ಸಿಕ್ಕಿದ್ದು 1904ರಲ್ಲಿ. 1915ರಲ್ಲಿ ಮಾರ್ಗನ್ ಪಾರ್ಕರ್ ಅನ್ನೋರು ಹಿಡಿ ಬೇರೆ, ಬ್ಲೇಡ್ ಬೇರೆ ಇರೋ ಆಪರೇಷನ್ ಚಾಕುಗೆ ಪೇಟೆಂಟ್ ತಗೊಂಡ್ರು, ಡಾಕ್ಟರುಗಳು ಇವತ್ತಿಗೂ ಬಿಪಿ ಹ್ಯಾಂಡಲ್ ಅಂತಾರಲ್ಲ ಅದು ಬಾರ್ಡ್-ಪಾರ್ಕರ್ ಅಂತ. ಆಪರೇಷನ್ ಬ್ಲೇಡ್ ಮಾರ್ತಿದ್ದ ಒಂದು ಅಮೆರಿಕನ್ ಕಂಪನಿನೇ ಆಮೇಲೆ ಹ್ಯಾವಲಾನ್ ಅನ್ನೋ ಹೆಸರಲ್ಲಿ ಬೇಟೆ ಚಾಕು ತಂತು.

ಬೇಟೆಲಿ ಪ್ರಾಣಿ ಬಿದ್ದ ಜಾಗದಲ್ಲೇ ಇಷ್ಟೊಂದು ಅವಸರವಾಗಿ ಬಗೆಯೋದು ಯಾಕೆ ಅಂದ್ರೆ ಬಿಸಿ. ಪ್ರಾಣಿ ಸತ್ತಾಗ ಮೈ 38-39 ಡಿಗ್ರಿ ಇರತ್ತೆ, ಮೇಲೆ ದಪ್ಪ ಚರ್ಮ, ಕೂದಲು, ಕೊಬ್ಬು, ಎಲ್ಲಾ ಸೇರಿ ಬಿಸಿ ಆಚೆ ಹೋಗೋಕೇ ಬಿಡಲ್ಲ. ಪ್ರಾಣಿ ದೊಡ್ಡದಾದಷ್ಟೂ ಕಷ್ಟ, ಯಾಕಂದ್ರೆ ಮಾಂಸ ಹೆಚ್ಚಾದಷ್ಟು ಬಿಸಿ ಬಿಡೋ ಮೇಲ್ಮೈ ಹೆಚ್ಚಾಗಲ್ಲ, ಹಿಂದಿನ ತೊಡೆ ಮೂಳೆ ಹತ್ರ ಗಂಟೆಗಟ್ಲೆ ಬೆಚ್ಚಗೇ ಇರತ್ತೆ, ಅಲ್ಲೇ ಮೊದಲು ಹುಳಿ ವಾಸನೆ ಬರೋದು. ಇಷ್ಟು ಸಾಲದು ಅಂತ ಮೆಲುಕು ಹಾಕೋ ಪ್ರಾಣಿ ಹೊಟ್ಟೆಲಿರೋ ಬ್ಯಾಕ್ಟೀರಿಯಾ ಸಾಯಲ್ಲ, ಗ್ಯಾಸ್ ಮಾಡ್ತಾನೇ ಇರ್ತವೆ, ಹೊಟ್ಟೆ ಉಬ್ಬತ್ತೆ. ಅದಕ್ಕೆ ಬೇಗ ಬಗೀಬೇಕು, ಆದ್ರೆ ಚಾಕು ತುದಿ ಹೊಟ್ಟೆ ಚೀಲಕ್ಕೆ ತಾಗಬಾರದು, ತಾಗಿದ್ರೆ ಒಳಗಿರೋದೆಲ್ಲ ಮಾಂಸದ ಮೇಲೆ. ಮೊಂಡು ಚಾಕು ಆದ್ರೆ ಒತ್ತಿ ಒತ್ತಿ ಕುಯ್ಯಬೇಕು, ಒತ್ತಡ ಜಾಸ್ತಿ ಆದ್ರೆ ಗಕ್ಕನೆ ಒಳಗೆ ಹೋಗತ್ತೆ. ಹರಿತ ಬೇಕಾಗಿರೋದು ಇಲ್ಲಿ.

ಹರಿತ ಅಂದ್ರೆ ಅಂಚು ಎಷ್ಟು ಸಣ್ಣ ಅನ್ನೋದು. ಅದೇ ಕೈಬಲ ಅಗಲದ ಜಾಗದ ಮೇಲೆ ಬಿದ್ರೆ ಚರ್ಮ ತಗ್ಗತ್ತೆ ಅಷ್ಟೇ, ಕೂದಲೆಳೆಗಿಂತ ಎಷ್ಟೋ ಪಟ್ಟು ಸಣ್ಣ ಗೆರೆ ಮೇಲೆ ಬಿದ್ರೆ ಸೀಳತ್ತೆ. ಫ್ಯಾಕ್ಟರಿಲಿ ಮಷೀನ್ ಮಸೆದ ಬ್ಲೇಡಿನ ಅಂಚನ್ನ ಕಾಡಲ್ಲಿ ಕಲ್ಲಿಗೆ ಉಜ್ಜಿ ತರೋದು ಪಳಗಿದ ಕೈಗೂ ಕಷ್ಟ. ಸರಿ, ಆದ್ರೆ ಆ ಅಂಚು ಎಷ್ಟೊತ್ತು ಇರತ್ತೆ?

ತುಂಬಾ ಹೊತ್ತು ಇರಲ್ಲ, ಅದಕ್ಕೆ ಕಾರಣ ಮೂಳೆ ಅಂತಾನೇ ನಾವು ಅಂದ್ಕೊಂಡಿರ್ತೀವಿ, ಆದ್ರೆ ಕೂದಲೂ ಸಾಕು. ಸ್ಟೀಲಿಗೆ ಹೋಲಿಸಿದ್ರೆ ಕೂದಲು ಸುಮಾರು 50 ಪಟ್ಟು ಮೆತ್ತಗೆ, ಆದ್ರೂ ಬ್ಲೇಡ್ ಹಾಳಾಗತ್ತೆ. ಯಾಕೆ ಅಂತ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ನೋಡಿ 2020ರಲ್ಲಿ ಸೈನ್ಸ್ ಪತ್ರಿಕೆಲಿ ಬರೆದ್ರು, ಅವರಲ್ಲೊಬ್ಬರು ತಮ್ಮ ಗಡ್ಡಾನೇ ಬೋಳಿಸ್ಕೊಂಡು ಆ ಬ್ಲೇಡನ್ನ ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲಿ ಇಟ್ಟು ನೋಡಿದ್ರಂತೆ. ಅಂಚು ಸವೆದು ದುಂಡಗಾಗಿರತ್ತೆ ಅಂತ ನಾವ್ಯಾರೇ ಆದ್ರೂ ಹೇಳ್ತಿದ್ವಿ, ಅವರಿಗೆ ಕಂಡಿದ್ದು ಚಕ್ಕೆ ಎದ್ದು ಹೋಗಿರೋ ಸಣ್ಣ ಸಣ್ಣ ಗುಂಡಿ. ಕೂದಲು ನೆಟ್ಟಗೆ ನಿಲ್ದೆ ಬಾಗಿ ಓರೆಯಾಗಿ ಅಂಚಿಗೆ ಸಿಕ್ಕಾಗ, ಸ್ಟೀಲ್ ಒಳಗಿನ ರಚನೆ ಒಂದೇ ಸಮ ಇಲ್ಲದ ಜಾಗದಲ್ಲಿ, ಪಕ್ಕಕ್ಕೆ ಬಲ ಬಿದ್ದು ಚಕ್ಕೆ ಹಾರತ್ತೆ. ಅದು ನೀರಲ್ಲಿ ನೆನೆದ ಮನುಷ್ಯನ ಗಡ್ಡದ ಕತೆ. ಕಾಡುಪ್ರಾಣಿ ಕೂದಲಲ್ಲಿ ಇದರ ಜೊತೆ ಮಣ್ಣು, ಮರಳು ಬೇರೆ ಇರತ್ತೆ, ಮರಳಲ್ಲಿರೋ ಕ್ವಾರ್ಟ್ಸ್ ಚಾಕು ಸ್ಟೀಲಿಗಿಂತ ಗಟ್ಟಿ. ಹಂಗಾಗಿ ಪಳಗಿದೋರು ಒಂದು ಸಣ್ಣ ಸೀಳು ಮಾಡಿ, ಬ್ಲೇಡಿನ ಬಾಯಿ ಮೇಲ್ಮುಖ ಮಾಡಿ, ಚರ್ಮನ ಒಳಗಿಂದ ಹೊರಗೆ ಕುಯ್ತಾರೆ. ಕೂದಲು ತುಂಡಾಗಲ್ಲ, ಪಕ್ಕಕ್ಕೆ ಸರಿಯತ್ತೆ, ಮಾಂಸಕ್ಕೂ ಕೂದಲು ಅಂಟಲ್ಲ.

ಇಷ್ಟಕ್ಕೇ ನಿಲ್ಲಿಸಿದ್ರೆ ಈ ಚಾಕುದು ಜಾಹೀರಾತು ಆಗೋಗತ್ತೆ. ಇದರ ದೊಡ್ಡ ವೀಕ್ನೆಸ್ ದಪ್ಪ. ಮಾಮೂಲಿ ಬೇಟೆ ಚಾಕು ಮೂರ್ನಾಲ್ಕು ಮಿಲಿಮೀಟರ್ ದಪ್ಪ, ಈ ಬ್ಲೇಡುಗಳು ಒಂದು ಮಿಲಿಮೀಟರೂ ಇರಲ್ಲ. ಪಟ್ಟಿ ಬಾಗದೆ ನಿಲ್ಲೋ ಬಿಗಿತ ದಪ್ಪದ ಘನಕ್ಕೆ ತಕ್ಕಂತೆ ಇಳಿಯತ್ತೆ, ಅಂದ್ರೆ ದಪ್ಪ ಐದನೇ ಒಂದು ಭಾಗ ಆದ್ರೆ ಬಿಗಿತ 125ನೇ ಒಂದು ಭಾಗ. ಕೀಲಿನ ಸಂದಿಗೆ ತೂರಿಸಿ ಒಂಚೂರು ತಿರುಚಿದ್ರೂ ಲಟಕ್ ಅನ್ನತ್ತೆ, ಮುರಿದ ಚೂರು ಮಾಂಸದೊಳಗೆ ಎಲ್ಲಿ ಹೋಯ್ತು ಅಂತ ರಕ್ತದಲ್ಲಿ ಹುಡುಕ್ಕೊಂಡು ಕೂರ್ಬೇಕು. ಔಟ್‌ಡೋರ್ ಎಡ್ಜ್ ಅನ್ನೋ ಕಂಪನಿಯೋರು ಬ್ಲೇಡಿನ ಬೆನ್ನಿಗೆ ಒಂದು ಲೋಹದ ಆಸರೆ ಕೊಟ್ಟು ಇದನ್ನ ಸ್ವಲ್ಪ ಸರಿ ಮಾಡಿದಾರೆ, ಆದ್ರೂ ಅದನ್ನ ಮಚ್ಚು ಅಂದ್ಕೊಂಡು ಬಳಸೋ ಹಾಗಿಲ್ಲ. ಬದಲಾಯಿಸೋದೂ ಸುಲಭ ಅಲ್ಲ, ಕೈಯೆಲ್ಲಾ ಕೊಬ್ಬು, ರಕ್ತ, ಜಾರತ್ತೆ, ಇಕ್ಕಳ ಇಲ್ದೆ ಬೆರಳಲ್ಲಿ ಎಳೆಯೋಕೆ ಹೋದ್ರೆ ಆಸ್ಪತ್ರೆ ಗ್ಯಾರಂಟಿ, ಹತ್ತಿರದ ಆಸ್ಪತ್ರೆ ಎರಡು ಬೆಟ್ಟದಾಚೆ ಇರತ್ತೆ.

ನಮ್ ಕಡೆ ಮಟನ್ ಅಂಗಡಿಲಿ ಭಾನುವಾರ ಬೆಳಿಗ್ಗೆ ನಿಂತು ನೋಡಿ. ಕೊಕ್ಕೆಗೆ ನೇತಾಕಿದ ಕುರಿ, ಕಾಲ ಸುತ್ತ ಒಂದು ಗೆರೆ, ತೊಡೆ ಒಳಗಡೆಯಿಂದ ಒಂದು ಗೆರೆ, ಅಷ್ಟಕ್ಕೆ ಚಾಕು ಬಾಯಲ್ಲಿ ಕಚ್ಕೊಂಡು ಮುಷ್ಟಿ ತೂರಿಸ್ತಾರೆ, ಚರ್ಮಕ್ಕೂ ಮಾಂಸಕ್ಕೂ ನಡುವೆ ಇರೋ ತೆಳ್ಳನೆ ಬಿಳಿ ಪೊರೆ ಬರೀ ಒತ್ತೋದಕ್ಕೇ ಪರಪರ ಬಿಡ್ತಾ ಹೋಗತ್ತೆ. ಚಾಕು ಕೆಲಸ ಅರ್ಧಕ್ಕರ್ಧ ಕಮ್ಮಿ, ಚರ್ಮಕ್ಕೂ ತೂತು ಬೀಳಲ್ಲ, ಅಷ್ಟೂ ಹೊತ್ತು ಬ್ಲೇಡೂ ಸವೆಯಲ್ಲ. ಮಧ್ಯೆ ಎರಡು ಚಾಕು ಒಂದಕ್ಕೊಂದು ಉಜ್ಜಿ ಮತ್ತೆ ಶುರು. ಆ ಉಜ್ಜೋದರಲ್ಲಿ ಸ್ಟೀಲು ಹೆಚ್ಚೇನೂ ಸವೆಯಲ್ಲ, ಪಕ್ಕಕ್ಕೆ ಮಡಚಿಕೊಂಡ ಅಂಚು ನೆಟ್ಟಗಾಗತ್ತೆ, ಅದೇ ಸಾಕಾಗತ್ತೆ. ದಿನಕ್ಕೆ ಹತ್ತು ಕುರಿ ಕುಯ್ಯೋ ಅಂಗಡಿಗೆ ಬಿಸಾಕೋ ಬ್ಲೇಡ್ ಕೊಟ್ರೆ ಮೂಳೆ ಹತ್ರ ಮೊದಲನೇ ಕುರಿಗೇ ಮುರಿಯತ್ತೆ, ನನ್ನ ಕೇಳಿದ್ರೆ ಅಲ್ಲಿಗೆ ಅದು ದಂಡ. ವರ್ಷಕ್ಕೆ ಒಂದೋ ಎರಡೋ ಪ್ರಾಣಿ ಕುಯ್ಯೋ, ಮಸೆಯೋಕೆ ಬರದ ಬೇಟೆಗಾರನಿಗೆ ಸರಿ.

ನಮ್ ಕಡೆ ಬ್ಲೇಡ್ ಬದಲಾಯಿಸೋ ಚಾಕು ನಿಜಕ್ಕೂ ಬಳಕೆಲಿರೋದು ದನದ ಡಾಕ್ಟ್ರ ಹತ್ರ. ಪೋಸ್ಟ್‌ಮಾರ್ಟಂ ಮಾಡ್ವಾಗ ಚರ್ಮಕ್ಕೆ ದಪ್ಪ ಚಾಕು, ಒಳಗಿನ ಅಂಗ ಬಿಡಿಸೋಕೆ ನಾಲ್ಕನೇ ನಂಬರ್ ಹ್ಯಾಂಡಲಿಗೆ 22 ಅಥವಾ 24ನೇ ನಂಬರ್ ಬ್ಲೇಡ್, ಮುಗಿದ್ಮೇಲೆ ಬ್ಲೇಡು ಚುಚ್ಚಿದ್ರೂ ತೂತಾಗದ ಡಬ್ಬಿಗೆ. ಸಿರಾ, ಪಾವಗಡ ಕಡೆ ಕುರಿ ಇದ್ದಕ್ಕಿದ್ದಂಗೆ ಸತ್ತು, ಮೂಗು ಬಾಯಲ್ಲಿ ಹೆಪ್ಪುಗಟ್ಟದ ಕಪ್ಪು ರಕ್ತ ಸೋರ್ತಿದ್ರೆ ಮಾತ್ರ ಡಾಕ್ಟ್ರು ಯಾವ ಚಾಕೂ ತೆಗೆಯಲ್ಲ. ಅದು ನೆರಡಿ ರೋಗ (ಆಂಥ್ರಾಕ್ಸ್) ಇರಬಹುದು, ಬಗೆದು ಗಾಳಿ ತಾಗಿಸಿದ್ರೆ ಆ ಬ್ಯಾಕ್ಟೀರಿಯಾ ಬೀಜಕಣ ಆಗಿ ಮಣ್ಣಲ್ಲಿ ಹತ್ತಾರು ವರ್ಷ ಕೂರತ್ತೆ. ಕಿವಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಸ್ಲೈಡಿಗೆ ಸವರ್ಕೊಂಡು, ಹೆಣನ ಇಡಿಯಾಗೇ ಆಳವಾಗಿ ಸುಣ್ಣ ಹಾಕಿ ಹೂಳಿಸ್ತಾರೆ.